ಬಸ್ಸಿನ ಹೊಟ್ಟೆಗೆ ಹಚ್ಚಿದ ಸಿಂಧೂರ

ನಮ್ಮ ಮನೆಯವರು ಕೊಂಡಾಗಲೇ ಆ ಬಸ್ಸು ಹಳೆಯದು. ಮಾಲೂರಿನ ಒಬ್ಬ ಸಾಹುಕಾರರ ಹತ್ತಿರ ಡ್ರೈವರಾಗಿದ್ದರು. ಆ ಸಾಹುಕಾರರು ಮೋಟಾರಿನ ಸಹವಾಸವೇ ಸಾಕೆಂದು ಕೈಬಿಟ್ಟಾಗ, ತಾವು ಓಡಿಸುತ್ತಿದ್ದ ಗಾಡಿಯನ್ನು ತಾವೇ ಕೊಂಡು ಮುಳಬಾಗಿಲಿಗೆ ತಂದರು. ದಿನಾ ಆವನಿ, ದೇವರಾಯಸಮುದ್ರದ ಕಡೆಯಿಂದ ಕೋಲಾರಕ್ಕೆ, ಸಂತೆಯ ದಿನ ಶ್ರೀನಿವಾಸಪುರಕ್ಕೆ ಹೋಗಿ ಬರುವುದು. ಅದೇ ನಮ್ಮ ಅನ್ನ. ದೇವರು ಕೊಟ್ಟದ್ದು ಹಳೆಯದೋ ಹೊಸದೋ ಎಂದು ನಾನು ನೋಡುವವಳಲ್ಲ. ಕೊಟ್ಟನಲ್ಲ ಎಂದು ಕೈಮುಗಿದೆ.

ಯುದ್ಧ ಬಂದಮೇಲೆ ಪೆಟ್ರೋಲು ಸಿಗದಾಯಿತು. ಬಸ್ಸಿನ ಹಿಂದೆ ನೀರೊಲೆಯ ಹಂಡೆಯಂಥ ಡ್ರಮ್ಮೊಂದನ್ನು ಕೂರಿಸಿ, ಅದರಲ್ಲಿ ಇದ್ದಲು ಉರಿಸಿ, ಅದರಿಂದ ಬರುವ ಗ್ಯಾಸಿನಲ್ಲಿ ಇಂಜಿನ್ನು ನಡೆಸುವ ಏರ್ಪಾಡಾಯಿತು. ಬೆಳಿಗ್ಗೆ ನಾನು ಒಳಗೆ ಒಲೆ ಊದುವ ಹೊತ್ತಿಗೆ ಅವರು ಹೊರಗೆ ಬಸ್ಸಿನ ಒಲೆಗೆ ಗಾಳಿ ಹಾಕುತ್ತಿದ್ದರು.

"ನಿಂದು ಹತ್ತಿತೇನೇ?" ಎಂದು ಅಲ್ಲಿಂದಲೇ ಕೂಗುವರು.

"ನಂದು ಹತ್ತಿ ಎಸರೂ ಬಂತು. ನಿಮ್ದು?"

"ಇನ್ನೂ ಕೆಮ್ತಾ ಕೂತೈತೆ."

ಈ ಮಾತು ಕೇಳಿ ನಮ್ಮತ್ತೆ ದಿನವೂ ನಗುತ್ತಿದ್ದರು. ಅತ್ತೆಗೆ ಮಗನೊಬ್ಬನೇ, ನನಗೂ ಆಗ ಇನ್ನೂ ಮಕ್ಕಳಾಗಿರಲಿಲ್ಲ. ನಾವು ಮೂವರು, ಒಂದು ಹಸು, ಒಂದು ಬಸ್ಸು. ಯುದ್ಧದ ಕಾಲದಲ್ಲಿ ಇಷ್ಟಿದ್ದರೆ ಅದು ಸಣ್ಣ ಭಾಗ್ಯವಲ್ಲ.

ಆದರೆ ಇದ್ದಲಿನ ಡ್ರಮ್ಮಿನಿಂದ ಬೂದಿ ಬೆರೆತ ನೀರು ಸದಾ ತೊಟ್ಟಿಕ್ಕುತ್ತಿತ್ತು. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ರಸ್ತೆಯ ಮೇಲೆ ಹರಿಯುವ ನೀರಿನಲ್ಲೇ ಗಾಡಿ ದಾಟಬೇಕು. ಚೌಳುಮಣ್ಣಿನ ಕೆಸರು ಅಡಿಗೆಲ್ಲ ಮೆತ್ತಿಕೊಂಡು ಅಲ್ಲೇ ಒಣಗುತ್ತಿತ್ತು. ಹೊರಗಿನಿಂದ ನೋಡಿದರೆ ಬಸ್ಸು ಲಕ್ಷಣವಾಗಿಯೇ ಇತ್ತು. ಶುಕ್ರವಾರ ಬಂದರೆ ನಾನೇ ಒರೆಸಿ, ಮುಂದಿನ ಎರಡು ದೀಪಗಳ ನಡುವೆ ಅರಿಶಿನ ಕುಂಕುಮ ಇಡುತ್ತಿದ್ದೆ. ಅಡಿ ಹೇಗಿದೆಯೆಂದು ಬಗ್ಗಿ ನೋಡಿದವರಿಲ್ಲ.

ಒಂದು ವರ್ಷ ರಾಗಿ ಕೊಯ್ಲಿನ ಕಾಲ. ಅತ್ತೆ ಮಲಗಿದ ಮೇಲೆ ಊಟಕ್ಕೆ ಕೂತ ಇವರು ಮುದ್ದೆ ಮುರಿಯದೆ ಸುಮ್ಮನೆ ತಟ್ಟೆ ನೋಡುತ್ತಿದ್ದರು.

"ಏನೂಂದ್ರೆ, ಸಾರು ಚೆನ್ನಾಗಿಲ್ವಾ?" ಅಂದೆ.

"ಸಾರು ಚೆನ್ನಾಗೈತೆ. ಬ್ರೇಕ್ ತುಳಿಯೋ ಕಡೆ ಕಾಲಡೀಲಿ ರಸ್ತೆ ಕಾಣಿಸ್ತಾ ಐತೆ."

"ಒಂದು ಹಲಗೆ ಬಡಿಸಿದ್ರಾಯ್ತು."

"ಹಲಗೆ ಬಡಿಯೋಕೆ ಅದರ ಕೆಳಗೆ ಕಬ್ಬಿಣ ಅಂತ ಏನಾದ್ರೂ ಉಳಿದಿರ್ಬೇಕಲ್ಲೇ. ತುಕ್ಕು ತಿಂದುಬಿಟ್ಟೈತೆ. ಸಂಕ್ರಾಂತಿ ಆದ್ಮೇಲೆ ಕೋಲಾರದಲ್ಲಿ ಇನ್ಸ್‌ಪೆಕ್ಟರಿಗೆ ಗಾಡಿ ತೋರಿಸ್ಬೇಕು. ಪಾಸ್ ಮಾಡಲಿಲ್ಲ ಅಂದ್ರೆ ಇದು ಮನೆ ಮುಂದೆ ಕೋಳಿಗೂಡು ಅಷ್ಟೇ."

"ಆಮೇಲೆ?"

"ಆಮೇಲೇನು? ಮಿಲಿಟರಿಯೋರು ಕೋಲಾರದಲ್ಲಿ ಲಾರಿ ಡ್ರೈವರುಗಳನ್ನ ತಗೋತಾ ಇದಾರೆ. ನಾನೂ ಸೇರ್ಕೋತೀನಿ."

ಇದನ್ನವರು ಶ್ರೀನಿವಾಸಪುರಕ್ಕೆ ಹೋಗಿ ಬರುತ್ತೇನೆ ಎನ್ನುವ ಹಾಗೆ ಹೇಳಿದರು. ಸೇರಿದವರನ್ನು ಬರ್ಮಾದ ಕಡೆಗೆ ಕಳಿಸುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ನಮ್ಮ ಬೀದಿಯಿಂದ ಆಗಲೇ ಒಬ್ಬ ಹೋಗಿದ್ದ. ಅವನ ತಾಯಿ ದಿನಾ ಸಂಜೆ ಬಂದು ನಮ್ಮ ಬಸ್ಸಿನಿಂದ ಇಳಿಯುವವರ ಮುಖ ನೋಡುತ್ತ ನಿಲ್ಲುತ್ತಿದ್ದಳು. ಎಲ್ಲರೂ ಇಳಿದಮೇಲೂ ಒಂದು ಗಳಿಗೆ ಇದ್ದು ಹೋಗುತ್ತಿದ್ದಳು. ಆ ರಾತ್ರಿ ನನ್ನ ಪಾಲಿನ ಮುದ್ದೆಯನ್ನು ಹಸುವಿಗೆ ಹಾಕಿ ದೇವರ ಮುಂದೆ ಕೂತೆ. ನಾನು ದೇವರಲ್ಲಿ ದೊಡ್ಡದನ್ನು ಕೇಳಿಕೊಂಡವಳಲ್ಲ. ಅವತ್ತೂ ಕೇಳಲಿಲ್ಲ. ಆ ಕಬ್ಬಿಣ ಗಟ್ಟಿಯಾಗಿ ನಿಲ್ಲಲಪ್ಪ, ಇವರು ಮನೆಯಲ್ಲಿರಲಿ ಎಂದಷ್ಟೇ ಬೇಡಿಕೊಂಡೆ.

ಜಟಕಾಗಳಿಗೆ ಬಣ್ಣ ಹಾಕುತ್ತಿದ್ದ ವಯಸ್ಸಾದ ಸಾಬರೊಬ್ಬರು ನಮ್ಮೂರಲ್ಲಿದ್ದರು. ಇವರಿಗೆ ಹಳೆಯ ಪರಿಚಯ. ಅವರು ಬಂದು, ಬಸ್ಸಿನ ಕೆಳಗೆ ಚಾಪೆ ಹಾಕಿ ಮಲಗಿ, ಕೋಲಿನಿಂದ ಅಲ್ಲಲ್ಲಿ ಕುಟ್ಟಿ ನೋಡಿ ಹೊರಗೆ ಬಂದರು.

"ಪೂರ್ತಿ ಹೋಗಿಲ್ಲ. ಉದ್ದದ ತೊಲೆಗಳು ಗಟ್ಟಿ ಇದಾವೆ. ಮೊದಲು ತುಕ್ಕು ಪೂರಾ ಕೆರೀಬೇಕು. ಒಂದು ಹನಿ ನೀರು ಸೋಕಿಸಬಾರದು. ಕೆರೆದು, ಸೀಮೆಎಣ್ಣೇಲಿ ಒರೆಸಿ, ಆಮೇಲೆ ಕೆಂಪು ಹೊಡೀಬೇಕು. ಮಣ್ಣಿನ ಮೇಲೆ ಬಣ್ಣ ಬಳಿದ್ರೆ ಬಣ್ಣ ಮೇಲೇ ಇರುತ್ತೆ, ತುಕ್ಕು ಒಳಗೇ ಊಟ ಮಾಡ್ತಾ ಇರುತ್ತೆ."

ಮನೆಯ ಹಿಂದಿನ ಬಯಲಿನಲ್ಲಿ ಮನುಷ್ಯ ನಿಲ್ಲುವಷ್ಟು ಆಳದ ಒಂದು ಉದ್ದ ಗುಂಡಿಯನ್ನು ಇವರೇ ತೋಡಿದರು. ಎರಡು ಕಡೆಯ ಗಾಲಿಗಳು ಎರಡು ದಡದ ಮೇಲೆ ಬರುವ ಹಾಗೆ ಬಸ್ಸನ್ನು ತಂದು ನಿಲ್ಲಿಸಿದರು. ದಿನದ ಓಡಾಟ ಬಿಡುವ ಹಾಗಿಲ್ಲ. ಸಂಜೆ ಕೋಲಾರದಿಂದ ಬಂದಮೇಲೆ, ಬೆಳಕಿರುವಷ್ಟು ಹೊತ್ತು ಮಾತ್ರ ಕೆಲಸ. ಒಬ್ಬರಿಗೆ ತೀರುವ ಕೆಲಸವಲ್ಲವೆಂದು ನಾನೂ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದೆ.

"ಹೆಂಗಸು ಮೋಟಾರಿನ ಕೆಳಗೆ ಹೋಗೋದಾ?" ಅಂದರು ಅತ್ತೆ, ದಡದ ಮೇಲೆ ಕಾಲು ಇಳಿಬಿಟ್ಟು ಕೂತು.

"ಮಸಿ ಹಿಡಿದ ಪಾತ್ರೆ ಉಜ್ಜೋ ಕೈ ಅತ್ತೆ ಇದು. ಇದೂ ಒಂದು ದೊಡ್ಡ ಪಾತ್ರೆ ಬೋರಲು ಹಾಕಿದ್ದಾರೆ ಅಂದ್ಕೊಳ್ಳಿ."

"ಉಜ್ಜು ಉಜ್ಜು. ಆಮೇಲೆ ನನ್ನ ಸೊಸೆ ಯಾವಳು, ಮಸೀಕೊಳೆ ಯಾವುದು ಅಂತ ನಾನು ಹುಡುಕ್ಬೇಕು."

ಬಸ್ಸಿನ ಹೊಟ್ಟೆಯನ್ನು ನಾನು ಮೊದಲು ನೋಡಿದ್ದು ಆವತ್ತೇ. ಮೇಲೆ ಕೂತಾಗ ಅದು ಮೆತ್ತೆ, ಕಿಟಕಿ, ಗಂಟೆ. ಕೆಳಗೆ ಉದ್ದಕ್ಕೆ ಎರಡು ಕಬ್ಬಿಣದ ತೊಲೆಗಳು, ಅವನ್ನು ಕೂಡಿಸುವ ಅಡ್ಡತೊಲೆಗಳು. ಇಷ್ಟು ಜನರ ಭಾರ, ಮೂಟೆಗಳ ಭಾರವನ್ನು ಈ ಬಡಪಾಯಿ ಹೊತ್ತುಕೊಂಡು ನಮಗೆ ಅನ್ನ ಹಾಕುತ್ತಿತ್ತು. ಕೆಸರು ಮೆತ್ತಿಸಿಕೊಂಡು ಒಂದು ಮಾತೂ ಆಡದೆ. ಹಬ್ಬದಲ್ಲಿ ಮುಂದಿನ ಮುಖಕ್ಕೆ ಹೂವು ಹಾಕಿದವಳು ನಾನು, ಇದಕ್ಕೊಂದು ನಮಸ್ಕಾರ ಹಾಕಿರಲಿಲ್ಲವಲ್ಲ ಎನ್ನಿಸಿ, ಇಟ್ಟಿಗೆಚೂರು ಹಿಡಿದ ಕೈಯಲ್ಲೇ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಣ್ಣಿಗೆಲ್ಲ ತುಕ್ಕಿನ ಪುಡಿ ಬಿತ್ತು. ಇವರು ಸೀಮೆಎಣ್ಣೆ ಬಟ್ಟೆಯನ್ನೇ ಕಣ್ಣೊರೆಸಿಕೋ ಎಂದು ಕೊಡಲು ಬಂದರು. ದೇವರ ದಯ, ಸಾಬರು ತಡೆದರು.

ಇಟ್ಟಿಗೆಚೂರು, ಮುರಿದ ಕುಡುಗೋಲು, ತೆಂಗಿನ ನಾರು. ಇವೇ ನಮ್ಮ ಆಯುಧಗಳು. ಸೀಮೆಎಣ್ಣೆ ಆಗ ಅಳತೆ ಮಾಡಿ ಕೊಡುತ್ತಿದ್ದ ಕಾಲ. ಮನೆಯ ದೀಪಕ್ಕೆ ಹೊಂಗೆಎಣ್ಣೆ ಹಾಕಿ, ಸೀಮೆಎಣ್ಣೆಯನ್ನು ಬಸ್ಸಿಗೆ ಉಳಿಸಿದೆ. ಹೊಂಗೆ ದೀಪದ ಬೆಳಕು ಮಂಕು. ಆದರೂ ಇವರ ಮುಖ ಕಾಣುವಷ್ಟಿತ್ತು, ಅಷ್ಟು ಸಾಕಾಗಿತ್ತು.

ಕೆರೆಯುತ್ತ ಕೆರೆಯುತ್ತ ಮುಂದಿನ ಅಡ್ಡತೊಲೆಗೆ ಬಂದೆ. ಬೇರೆಲ್ಲ ಕಡೆ ತುಕ್ಕು ಪುಡಿಯಾಗಿ ಉದುರುತ್ತಿತ್ತು. ಇಲ್ಲಿ ಕುಡುಗೋಲು ತಾಗಿಸಿದರೆ ಹಕ್ಕಳೆ ಹಕ್ಕಳೆಯಾಗಿ ಕಿತ್ತು ಬಂತು, ಒಂದು ಕಡೆ ಬೆರಳು ತೂರುವಷ್ಟು ತೂತೇ ಬಿತ್ತು. ಅದರ ಸುತ್ತ ತಂತಿಯ ಸುತ್ತುಗಳು, ಅವಕ್ಕೆ ಅಂಟಿಕೊಂಡ ಕರೀಬಟ್ಟೆಯ ಚೂರುಗಳು. ಎಲ್ಲಕ್ಕಿಂತ ಹೊಸ ತಂತಿಯಲ್ಲಿ ಒಂದು ಕರಿಯ ಗಂಟು ಇನ್ನೂ ನೇತಾಡುತ್ತಿತ್ತು. ಮುಟ್ಟಿದರೆ ಒದ್ದೆ.

ನನಗೆ ತಿಳಿಯಿತು. ಪ್ರತಿ ಅಮಾವಾಸ್ಯೆಯ ದಿನ ಅತ್ತೆ ಕರೀಬಟ್ಟೆಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ, ಒಂದು ಇದ್ದಲ ಚೂರು ಕಟ್ಟಿ ಬಸ್ಸಿಗೆ ಮೂರು ಸುತ್ತು ನಿವಾಳಿಸಿ ಕೊಡುತ್ತಿದ್ದರು. ಯಾರ ಕಣ್ಣಿಗೂ ಬೀಳದ ಕಡೆ ಕಟ್ಟಬೇಕು, ಕಂಡರೆ ದೃಷ್ಟಿ ತೆಗೆದ ಫಲ ಹೋಗುತ್ತದೆ ಎಂದು ಅವರ ನಂಬಿಕೆ. ಇವರು ಸರಿಯಾಗಿ ನೋಡದೆ ಅಡಿಗೆ ಕೈ ತೂರಿಸಿ, ಕೈಗೆ ಸಿಕ್ಕಿದ ಆ ಅಡ್ಡತೊಲೆಗೇ ಕಟ್ಟಿಕೊಂಡು ಬಂದಿದ್ದರು. ಗಾಳಿಯ ತೇವವನ್ನೆಲ್ಲ ಉಪ್ಪು ಹೀರಿಕೊಂಡು, ಮಳೆಗಾಲದಲ್ಲಿ ಕರಗಿ ತೊಟ್ಟಿಕ್ಕಿ, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಬ್ಬಿಣವನ್ನು ತಿಂದಿತ್ತು.

ಸಾಬರೂ ಇವರೂ ಬಗ್ಗಿ ನೋಡಿದರು.

"ನೀನೇ ಹೇಳೇ ಅಮ್ಮಂಗೆ," ಎಂದು ಇವರು ಪಿಸುಗುಟ್ಟಿದರು.

"ನಿಮ್ಮಮ್ಮ. ನೀವೇ ಹೇಳಿ."

ಇಬ್ಬರೂ ಸಾಬರ ಮುಖ ನೋಡಿದೆವು. "ಅರೆ, ನನ್ನನ್ನ ಬಿಡಿ ಮಾ," ಅಂದರು ಸಾಬರು. "ನಾನು ಬಣ್ಣ ಹೊಡೆಯೋಕೆ ಬಂದೋನು."

"ಏನ್ಲಾ ಅದು ಒಳಗೆ ಗುಸುಗುಸು?" ಎಂದು ಮೇಲಿನಿಂದ ಅತ್ತೆಯ ಧ್ವನಿ ಬಂತು.

ಇವರು ಗುಂಡಿಯಿಂದ ತಲೆ ಹೊರಗೆ ಹಾಕಿದರು. "ಅಮ್ಮಾ, ಬೇಜಾರು ಮಾಡ್ಕೋಬೇಡ. ದೃಷ್ಟಿ ಗಂಟಿನ ಉಪ್ಪು ಕಬ್ಬಿಣನ ತಿಂದುಬಿಟ್ಟೈತೆ."

ಅತ್ತೆ ಇಳಿಬಿಟ್ಟಿದ್ದ ಕಾಲನ್ನು ಮೇಲಕ್ಕೆಳೆದುಕೊಂಡರು. ಆಮೇಲೆ, "ಇಷ್ಟು ವರ್ಷದಲ್ಲಿ ಈ ಬಸ್ಸು ಯಾರದ್ದಾದ್ರೂ ಒಂದು ಮೇಕೆಮರೀನ ತುಳಿದೈತಾ?" ಎಂದರು.

"ಇಲ್ಲಮ್ಮ."

"ಮೋರಿಗೆ ಬಿದ್ದೈತಾ?"

"ಇಲ್ಲ."

"ಯಾರಿಂದ ಅಂದ್ಕೊಂಡೆ? ನಿನ್ನ ಕೈಚಳಕದಿಂದಾನಾ?"

ಅತ್ತೆ ಸಾಬರ ಕಡೆ ತಿರುಗಿದರು. "ಸಾಬ್ರೇ, ನಿಮ್ಮ ಜಟಕಾದೋರು ದೃಷ್ಟಿಗೆ ಏನೂ ಕಟ್ಟಲ್ವಾ?"

"ಕಟ್ತೀವಮ್ಮ. ಕುದುರೆ ಕೊರಳಿಗೆ ಕಟ್ತೀವಿ. ಅಚ್ಚಿಗೆ ಕಟ್ಟಲ್ಲ."

ಅತ್ತೆ ಎದ್ದು ಒಳಗೆ ಹೋದರು. ಅವತ್ತು ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಆ ಗಂಟನ್ನು ಬಿಚ್ಚಲು ನಮ್ಮಿಬ್ಬರಿಗೂ ಕೈ ಬರಲಿಲ್ಲ. ಅವರು ಅದನ್ನು ಕಟ್ಟಿಸಿದ್ದು ಬಸ್ಸಿಗಾಗಿ ಅಲ್ಲ, ಬಸ್ಸು ನಡೆಸುವ ಮಗನಿಗಾಗಿ. ಅದನ್ನು ಅವರ ಕಣ್ಣೆದುರಿಗೆ ಕಿತ್ತೆಸೆದು, ನಾಳೆ ಏನಾದರೂ ಆದರೆ ಆ ತಾಯಿಗೆ ಯಾವ ಸಮಾಧಾನ ಹೇಳುವುದು? ಬಿಡಿಸದೆ ಹಾಗೇ ಇಟ್ಟರೆ ಹೊಸ ಕಬ್ಬಿಣವನ್ನೂ ತಿನ್ನುತ್ತದೆ. ಹೀಗೆ ಗಂಟು ನೇತಾಡುತ್ತಲೇ ಇತ್ತು, ಕೆಲಸ ಅದರ ಸುತ್ತಮುತ್ತ ನಡೆಯಿತು.

ತೊಲೆಗೆ ತೇಪೆ ಹಾಕಲು ಕಬ್ಬಿಣದ ಪಟ್ಟಿ ಬೇಕು. ಹೊಸ ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ನನ್ನ ತವರು ಹೋಳೂರು. ಅಣ್ಣನಿಗೆ ಹೇಳಿ ಕಳಿಸಿದೆ. ಅವನು ಮುರಿದ ಎತ್ತಿನಗಾಡಿಯ ಚಕ್ರದ ಪಟ್ಟಿಯನ್ನು ಹೊತ್ತುಕೊಂಡು, ಒಂದು ಡಬ್ಬ ಹುಚ್ಚೆಳ್ಳೆಣ್ಣೆಯನ್ನೂ ಹಿಡಿದುಕೊಂಡು ಬಂದ. ರಾಗಿ ಹೊಲದ ಅಂಚಿಗೆ ಸಾಲು ಹಾಕಿದ್ದ ಹುಚ್ಚೆಳ್ಳು, ಆಗ ತಾನೇ ಗಾಣಕ್ಕೆ ಹಾಕಿಸಿದ್ದು.

"ಪಟ್ಟಿ ಸರಿ. ಎಣ್ಣೆ ಯಾಕೋ? ನಾನು ಕೇಳಿರಲಿಲ್ವಲ್ಲ," ಅಂದೆ.

"ತಂಗಿ ಮನೆಗೆ ಬರೀ ಕಬ್ಬಿಣ ಹೊತ್ಕೊಂಡು ಬರೋಕೆ ಆಗ್ತದೇನೇ? ಜನ ಏನಂದಾರು?"

ಆ ಎಣ್ಣೆ ಎಷ್ಟು ದೊಡ್ಡ ಉಪಕಾರ ಮಾಡಿತೆಂದು ಅವನಿಗೆ ಕೊನೆಯವರೆಗೂ ಪೂರ್ತಿ ಅರ್ಥವಾಗಲಿಲ್ಲ. ಬಣ್ಣ ಕಲಸಲು ಅಗಸೆ ಎಣ್ಣೆ ಬೇಕೆಂದಿದ್ದರು ಸಾಬರು. ಅದು ಕೋಲಾರದ ಅಂಗಡಿಗಳಲ್ಲಿ ಹುಡುಕಿದರೂ ಇರಲಿಲ್ಲ. ಹುಚ್ಚೆಳ್ಳೆಣ್ಣೆಯನ್ನು ಮೂಸಿ, ಬೆರಳಿಗೆ ಹಚ್ಚಿ ಉಜ್ಜಿ ನೋಡಿ, "ಇದೂ ಆಗುತ್ತೆ. ಚೆನ್ನಾಗಿ ಕಾಯಿಸಿದ್ರೆ ಒಣಗುತ್ತೆ. ಅದಕ್ಕಿಂತ ಸ್ವಲ್ಪ ನಿಧಾನ, ಅಷ್ಟೇ," ಅಂದರು. ಕಮ್ಮಾರರು ಬಂದು ಚಕ್ರದ ಪಟ್ಟಿಯನ್ನು ತೊಲೆಗೆ ಎರಡೂ ಕಡೆ ಕೂರಿಸಿ ರಿವೀಟು ಹೊಡೆದು ಹೋದರು. ಬ್ರೇಕಿನ ಹತ್ತಿರದ ತೂತಿಗೆ ಇವರು ಹಲಗೆ ಬಡಿದರು. ಇನ್ನು ಉಳಿದದ್ದು ಬಣ್ಣ.

ಬಣ್ಣಕ್ಕೆಂದು ಕೋಲಾರಕ್ಕೆ ಹೋದ ಇವರು ಬರಿಗೈಯಲ್ಲಿ ಬಂದರು. ಕಬ್ಬಿಣಕ್ಕೆ ಹಚ್ಚುವ ಕೆಂಪು ಬಣ್ಣದ ಡಬ್ಬ ಯಾವ ಅಂಗಡಿಯಲ್ಲೂ ಇಲ್ಲ. ಕೆರೆದಿಟ್ಟ ಕಬ್ಬಿಣ ಬೆತ್ತಲೆಯಾಗಿತ್ತು. ಹಾಗೇ ಬಿಟ್ಟರೆ ಇಬ್ಬನಿಗೆ ಮತ್ತೆ ತುಕ್ಕು ಹಿಡಿಯುತ್ತದೆ. ಸಾಬರು ಗಡ್ಡ ಕೆರೆಯುತ್ತ ಹೇಳಿದರು:

"ಪುಡಿ ಸಿಕ್ಕಿದ್ರೆ ಸಾಕು, ನಾನೇ ಕಲಸ್ತೀನಿ. ನಿಮ್ಮ ಆಂಜನೇಯನ ಗುಡೀಲಿ ಇರುತ್ತಲ್ಲ ಮಾ, ಸಿಂಧೂರ, ಅದೇ. ನೀವು ದೇವರಿಗೆ ಹಚ್ತೀರಿ, ನಾವು ಕಬ್ಬಿಣಕ್ಕೆ ಹಚ್ತೀವಿ."

ಅಲ್ಲಿಯವರೆಗೆ ಒಳಗೆ ಕೂತಿದ್ದ ಅತ್ತೆ ಹೊಸ್ತಿಲಿಗೆ ಬಂದರು. "ಸ್ವಾಮಿ ಮೈಗೆ ಹಚ್ಚೋದನ್ನ ಮೋಟಾರಿನ ಹೊಟ್ಟೆಗಾ? ಕೆಸರು, ಸಗಣಿ ಹಾರೋ ಜಾಗಕ್ಕಾ? ನಿಮಗೆಲ್ಲ ಬುದ್ಧಿ ಎಲ್ಲಿಗೆ ಹೋಯ್ತು?"

ಅವರ ಮಾತು ನನಗೆ ತಪ್ಪೆನ್ನಿಸಲಿಲ್ಲ. ಆದರೆ ಬರ್ಮಾದ ನೆನಪಾಯಿತು. "ಅತ್ತೆ, ನಾವ್ಯಾಕೆ ಹೌದು ಅಲ್ಲ ಅನ್ಬೇಕು? ಅವನನ್ನೇ ಕೇಳೋಣ. ನೀವೇ ಕೇಳಿ," ಅಂದೆ.

ನಮ್ಮ ಬೀದಿಯ ಕೊನೆಯಲ್ಲಿ ಆಂಜನೇಯನ ಒಂದು ಚಿಕ್ಕ ಗುಡಿ. ಬಾಗಿಲಿಗೆ ತಲೆ ತಗ್ಗಿಸಿ ಹೋಗಬೇಕು. ಹರಕೆ ಹೊತ್ತವರು ಸಿಂಧೂರ ತಂದುಕೊಡುತ್ತಿದ್ದರು, ಪೂಜಾರಪ್ಪ ಅದನ್ನು ಒಂದು ಮಡಕೆಯಲ್ಲಿ ಕೂಡಿಟ್ಟು, ಶನಿವಾರ ಎಣ್ಣೆಯಲ್ಲಿ ಕಲಸಿ ಸ್ವಾಮಿಗೆ ಲೇಪ ಮಾಡುತ್ತಿದ್ದರು. ನಾವು ಹೋಗಿ ಕೇಳಿದಾಗ ಅವರು, "ಮಡಕೆ ನಂದಲ್ಲಮ್ಮ, ಕೊಡೋಕೆ. ಹೂವು ಕೇಳಿ. ಬಲಗಡೆ ಕೊಟ್ರೆ ತಗೊಂಡು ಹೋಗಿ. ಎಡಗಡೆ ಬಿದ್ರೆ ನನ್ನನ್ನ ಮತ್ತೆ ಕೇಳ್ಬೇಡಿ," ಎಂದು ಸ್ವಾಮಿಯ ಎರಡು ಭುಜಕ್ಕೂ ಹೂವು ಏರಿಸಿ ಪಕ್ಕಕ್ಕೆ ನಿಂತರು.

ಕೂತೆವು. ಹೂವು ಬೀಳಲಿಲ್ಲ. ದೀಪ ಮಂಕಾಗಿ, ಪೂಜಾರಪ್ಪ ಮತ್ತೆ ಎಣ್ಣೆ ಹಾಕಿದರು. ಆಗಲೂ ಬೀಳಲಿಲ್ಲ. ಅತ್ತೆಯ ತವರು ಗಡಿಯ ಆಚೆ. ನಮ್ಮೊಂದಿಗೆ ಕನ್ನಡ, ದೇವರೊಂದಿಗೆ ಮಾತ್ರ ತೆಲುಗು ಬೆರೆತ ಕನ್ನಡ. ಅವರು ಮೊದಲು ಮೆಲ್ಲಗೆ, ಬರಬರುತ್ತ ನೆರೆಮನೆಯವರ ಹತ್ತಿರ ಜಗಳಕ್ಕೆ ನಿಂತ ಹಾಗೆ ಕೇಳತೊಡಗಿದರು.

"ಏಮಯ್ಯಾ, ಇಸ್ತಾವಾ, ಇಯ್ಯವಾ? ಕೊಡ್ತೀಯೋ ಇಲ್ವೋ ಒಂದು ಮಾತು ಚೆಪ್ಪು. ನಾ ಕೊಡುಕು ಒಕ್ಕಡೇ. ಒಬ್ಬನೇ ಮಗ. ಬೇಡ ಅಂದ್ರೆ ಬೇಡ ಅನ್ನು. ನನ್ನ ಯಾಕೆ ಕೂರಿಸಿಕೊಂಡಿದ್ದೀಯ?"

ಆಗಲೇ ನನಗೆ ಗೊತ್ತಾಗಿದ್ದು, ಬರ್ಮಾದ ಮಾತು ಅವರ ಕಿವಿಗೂ ಬಿದ್ದಿದೆಯೆಂದು. ಮಗ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬೀದಿಯಲ್ಲಿ ಎಲ್ಲೋ ಕೇಳಿಸಿಕೊಂಡು, ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಬಲಭುಜದ ಹೂವು ಜಾರಿ ಸ್ವಾಮಿಯ ಪಾದದ ಹತ್ತಿರ ಬಿತ್ತು. ದೊಡ್ಡ ಕೆಂಪು ಕಣಗಿಲೆ. ಅತ್ತೆ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ನನ್ನ ಮುಡಿಗೆ ಸಿಕ್ಕಿಸಿದರು. ಪೂಜಾರಪ್ಪ ಮಡಕೆ ಎತ್ತಿ ಕೊಟ್ಟರು.

ಮನೆಗೆ ಬಂದ ಅತ್ತೆ ಒಳಗೆ ಹೋಗದೆ ನೇರ ಬಸ್ಸಿನ ಹತ್ತಿರ ಹೋದರು. "ನನ್ನನ್ನ ಇಳಿಸಿಕೊಳ್ಳೇ," ಅಂದರು. ಇವರೂ ನಾನೂ ಆ ಕಡೆ ಈ ಕಡೆ ಹಿಡಿದು ಗುಂಡಿಗೆ ಇಳಿಸಿದೆವು. ಕತ್ತೆತ್ತಿ ಸುತ್ತ ನೋಡಿದರು. ಗಂಟು ಎಲ್ಲಿದೆ ಎಂದು ಕೇಳಿ, ತಾವೇ ಕೈ ಹಾಕಿ ತಂತಿ ತಿರುವಿ ಬಿಚ್ಚಿದರು.

"ಅಮ್ಮಾ..." ಅಂದರು ಇವರು.

"ಸುಮ್ನಿರೋ. ಸ್ವಾಮಿ ತಾನೇ ಬಂದು ಕೂರ್ತೀನಿ ಅಂತ ಹೇಳಿದ್ಮೇಲೆ ಉಪ್ಪು ಮೆಣಸಿನಕಾಯಿಗೆ ಇಲ್ಲೇನು ಕೆಲಸ? ಅವನ ಬಣ್ಣ ಬಿದ್ದ ಗಾಡೀನ ಯಾವ ಕಣ್ಣು ಏನು ಮಾಡ್ತದೆ?"

ಇವರು ಮುಖ ಆ ಕಡೆ ತಿರುಗಿಸಿಕೊಂಡರು. ನಾವು ಹೇಳಲು ಹೆದರಿ ನುಂಗಿಕೊಂಡಿದ್ದ ಮಾತನ್ನು ಅವರೇ, ಅವರದೇ ದಾರಿಯಲ್ಲಿ ಬಂದು ಮುಗಿಸಿದ್ದರು. ಯಾರ ಮನಸ್ಸೂ ನೋಯದೆ ಆ ಗಂಟು ಬಿಚ್ಚಿತಲ್ಲ, ಹೂವು ಬಿದ್ದದ್ದಕ್ಕಿಂತ ಇದೇ ದೊಡ್ಡ ಪ್ರಸಾದವೆಂದು ನಾನು ಇವತ್ತಿಗೂ ನಂಬಿದ್ದೇನೆ.

ಮಾರನೆಯ ದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹುಚ್ಚೆಳ್ಳೆಣ್ಣೆ ಕಾಯಿಸಿದೆ. ಜೇನಿನಷ್ಟು ಮಂದವಾಗುವವರೆಗೆ, ಸೀಯಬಾರದು, ಉಕ್ಕಬಾರದು. ಇಡೀ ಬೀದಿಗೆ ಘಾಟು. ಎದುರುಮನೆಯವರು, "ಏನು ತಾಯಿ, ಯಾರ ಮದುವೆಗೆ ಚಕ್ಕುಲಿ?" ಎಂದು ಕೇಳಿದರು. "ನಮ್ಮ ಬಸ್ಸಿನ ಮದುವೆಗೆ," ಅಂದೆ. ಸಾಬರು ಅದರಲ್ಲಿ ಸಿಂಧೂರ ಕಲಸಿದರು. "ಈ ಪಾತ್ರೆ ಇನ್ನು ಅಡುಗೆಗೆ ಬೇಡ ಮಾ. ಕೈ ಬಾಯಿಗೆ ಹೋಗಬಾರದು. ಇದು ಹೊಟ್ಟೆಗೆ ವಿಷ," ಎಂದು ಎಚ್ಚರಿಸಿದರು. ಕತ್ತಾಳೆ ನಾರು ಬಡಿದು ಕಟ್ಟಿದ ಕುಂಚ. ಮೊದಲ ಗೆರೆಯನ್ನು ಅತ್ತೆಯೇ ಎಳೆಯಲಿ ಎಂದು ಸಾಬರೇ ಕುಂಚ ಅವರ ಕೈಗೆ ಕೊಟ್ಟರು. ಅತ್ತೆ ರಾಮನಾಮ ಹೇಳುತ್ತ ತೇಪೆ ಹಾಕಿದ ತೊಲೆಗೇ ಎಳೆದರು.

"ಒಂದೇ ಕಡೆ ಅಷ್ಟು ಬಳೀಬೇಡಿ ಅಮ್ಮ, ಇಳಿದು ಬರುತ್ತೆ. ತೆಳ್ಳಗೆ, ತೆಳ್ಳಗೆ."

"ನಾನು ಗೋಡೆಗೆ ಸುಣ್ಣ ಹೊಡೆದೋಳು ಸಾಬ್ರೇ, ನಂಗೆ ಹೇಳ್ಕೊಡ್ತೀರಾ?"

"ಗೋಡೆ ನಿಂತಿರುತ್ತೆ, ಇದು ತಲೆ ಮೇಲೈತೆ," ಎನ್ನುವಷ್ಟರಲ್ಲಿ ಒಂದು ತೊಟ್ಟು ಅತ್ತೆಯ ಹಣೆಯ ಮೇಲೇ ಬಿತ್ತು. ಎಲ್ಲರೂ ನಕ್ಕೆವು. ಅತ್ತೆ, "ಸ್ವಾಮಿ ಕೊಟ್ಟದ್ದು, ಇರಲಿ," ಎಂದು ಒರೆಸಿಕೊಳ್ಳಲು ಒಪ್ಪಲಿಲ್ಲ. ವಿಷ ಎಂದು ನೆನಪಿಸಿ ನಾನೇ ಒರೆಸಿದೆ.

ತೊಲೆಗಳ ಸಂದು, ಬೋಲ್ಟಿನ ಸುತ್ತ, ಮಡಿಕೆಯ ಒಳಗೆ ಎಲ್ಲ ಕುಂಚ ತೂರಿಸಿ ಒಂದು ಕೈ ಹೊಡೆದು, ಅದು ಒಣಗಿದ ಮೇಲೆ ಇನ್ನೊಂದು ಕೈ. ಹಸಿ ಬಣ್ಣಕ್ಕೆ ರಸ್ತೆಯ ದೂಳು ಅಂಟಬಾರದೆಂದು ಆ ದಿನಗಳಲ್ಲಿ ಬಸ್ಸನ್ನು ಹೊರಡಿಸಲಿಲ್ಲ. ಮೊದಲನೆಯ ಕೈ ಒಣಗುವುದರಲ್ಲಿ ನಮ್ಮ ಜೀವ ಹೋಗಿ ಬಂತು. ಬೆಳಿಗ್ಗೆ ಎದ್ದವಳೇ ಬಗ್ಗಿ ಬೆರಳು ಮುಟ್ಟಿಸಿ ನೋಡುತ್ತಿದ್ದೆ. ಅಂಟು. ಮತ್ತೊಂದು ಬೆಳಿಗ್ಗೆ, ಇನ್ನೂ ಅಂಟು. ಬಯಲಿನಾಚೆಯ ಕಣದಲ್ಲಿ ರಾಗಿ ತೂರುವವರನ್ನು ಕೇಳಿಕೊಂಡೆ, ಸ್ವಲ್ಪ ಆ ಕಡೆ ಗಾಳಿಗೆ ತೂರ್ರಪ್ಪ, ಹೊಟ್ಟು ನಮ್ಮ ಬಸ್ಸಿಗೆ ಅಂಟುತ್ತದೆ ಎಂದು. ಅವರು ನಕ್ಕರೂ ಜಾಗ ಬದಲಾಯಿಸಿದರು. ಆ ಪುಣ್ಯಾತ್ಮರ ಹೊಲ ಚೆನ್ನಾಗಿರಲಿ. ಕೊನೆಗೊಂದು ಬೆಳಿಗ್ಗೆ ಬೆರಳು ಮುಟ್ಟಿಸಿದರೆ ಬೆರಳು ಬರಿದಾಗಿ ಹಿಂದೆ ಬಂತು.

ಇದರ ಮೇಲೆ ಡಾಂಬರು ಹಚ್ಚಿದರೆ ಇನ್ನೂ ಗಟ್ಟಿ ಎಂದು ಇವರಿಗೆ ಆತುರ. ಸಾಬರು ಬೇಡವೆಂದರು. "ಈಗ ಕಪ್ಪು ಬಳಿದ್ರೆ ಏನೋ ಮುಚ್ಚಿಟ್ಟಿದ್ದಾರೆ ಅಂತಾರೆ ಸಾಹೇಬರು. ಕೆಂಪು ನೋಡ್ಲಿ. ತೇಪೆ ಇದ್ದ ಕಡೆ ತೇಪೆ ಕಾಣಲಿ. ಡಾಂಬರು ಆಮೇಲೆ."

ಬಸ್ಸು ತೋರಿಸುವ ದಿನ ಅತ್ತೆಯೂ ನಾನೂ ಕೋಲಾರಕ್ಕೆ ಹೊರಟೆವು. ಅಮ್ಮನವರ ಗುಡಿಗೆ ಎಂದು ಹೇಳಿದೆವು, ಆದರೆ ಗುಡಿಗೆ ಮೊದಲು ಹೋಗುವ ಧೈರ್ಯವಾಗಲಿಲ್ಲ. ಗಾಡಿಗಳು ನಿಂತಿದ್ದ ಬಯಲಿನ ಪಕ್ಕ ಒಂದು ಹುಣಸೆಮರದ ಕೆಳಗೆ ಕೂತೆವು. ಆ ಬಯಲಿನ ಇನ್ನೊಂದು ಕೊನೆಯಲ್ಲಿ ಮಿಲಿಟರಿಯವರ ಡೇರೆಯೂ ಇತ್ತು, ಮುಂದೆ ಗಂಡಸರ ಸಾಲು. ಅತ್ತೆ ಆ ಕಡೆಗೆ ಬೆನ್ನು ಹಾಕಿ ಕೂತರು.

ಇನ್ಸ್‌ಪೆಕ್ಟರು ಬಂದರು. ಖಾಕಿ ಬಟ್ಟೆ ಕೊಳೆಯಾದೀತು ಎಂದು ನೋಡದೆ, ಗೋಣಿತಾಟು ಹಾಸಿಸಿ ಬಸ್ಸಿನ ಕೆಳಗೆ ತೂರಿದರು. ಒಳಗಿನಿಂದ ಸುತ್ತಿಗೆಯ ಸದ್ದು. ಟಣ್, ಟಣ್ ಎಂದು ಹಿಂದಿನಿಂದ ಮುಂದಕ್ಕೆ ಬರುತ್ತಿತ್ತು. ಮುಂದಿನ ತೊಲೆಯ ಹತ್ತಿರ ಸದ್ದು ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ.

"ಏನ್ರೀ ಇದು? ಗಾಡೀನ ಆಂಜನೇಯ ಮಾಡಿಬಿಟ್ಟಿದ್ದೀರಲ್ಲ!" ಎಂದು ಒಳಗಿನಿಂದ ಕೂಗಿದರು.

"ಬೇರೆ ಬಣ್ಣ ಸಿಗಲಿಲ್ಲ ಸ್ವಾಮಿ," ಎಂದು ಇವರು ಕೈಕಟ್ಟಿ ಹೇಳಿದರು. "ತೇಪೆ ಎಲ್ಲಿ ಹಾಕಿಸಿದ್ದೀನಿ ತೋರಿಸ್ತೀನಿ."

"ಕಾಣಿಸ್ತಾ ಇದೆ. ಎತ್ತಿನಗಾಡಿ ಪಟ್ಟೀನಾ?"

"ಹೌದು ಸ್ವಾಮಿ."

ಚಾಕುವಿನಿಂದ ಬಣ್ಣ ಕೆರೆದು ಅಡಿಯ ಕಬ್ಬಿಣ ನೋಡಿದರಂತೆ. ಮತ್ತೆ ಸುತ್ತಿಗೆ. ಈ ಸಲ ಜೋರಾಗಿ. ಟಣ್. ಚಕ್ರದ ಪಟ್ಟಿ ಗಂಟೆಯ ಹಾಗೆ ನುಡಿಯಿತು. ಹೊರಗೆ ಬಂದು ಮೈ ಕೊಡವಿಕೊಳ್ಳುತ್ತ ಇವರಿಗೆ ಏನೋ ಹೇಳಿದರು. ಮೆಲ್ಲಗೆ ಆಡಿದ್ದರಿಂದ ನಮಗೆ ಕೇಳಿಸಲಿಲ್ಲ. ಇವರು ಬಗ್ಗಿ ನಮಸ್ಕಾರ ಮಾಡಿದ್ದು ಕಂಡಿತು. ಆದರೆ ಬೈಸಿಕೊಂಡವರೂ ಹಾಗೇ ನಮಸ್ಕಾರ ಮಾಡುತ್ತಾರಲ್ಲ.

ನಡೆದು ಬಂದರು. "ಏನಾಯ್ತೋ?" ಅಂದರು ಅತ್ತೆ, ಏಳಲಾರದೆ.

"ಆಯ್ತಮ್ಮ. ಪಾಸ್ ಮಾಡಿದ್ರು. ಮೇಲೆ ಮೂಟೆ ಹಾಕಂಗಿಲ್ಲ, ಜನ ಮಾತ್ರ. ಮಳೆಗಾಲ ಮುಗಿದ್ಮೇಲೆ ಮತ್ತೆ ತಂದು ತೋರಿಸು ಅಂದ್ರು."

"ಜನಾನೇ ಸಾಕು ಬಿಡು. ಮೂಟೆ ಯಾರಿಗೆ ಬೇಕು," ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅಮ್ಮನವರ ಗುಡಿಗೆ ಹೋದೆವು. ನಾನು ಏನು ಬೇಡಿಕೊಂಡೆನೋ ನೆನಪಿಲ್ಲ. ಬೇಡುವುದಕ್ಕೆ ಏನೂ ಉಳಿದಿರಲಿಲ್ಲ ಎಂದು ಕಾಣುತ್ತದೆ.

ಮನೆಗೆ ಬಂದಮೇಲೆ ಇವರು ಇದ್ದಲಿನ ಡ್ರಮ್ಮು ಆರಿಸುತ್ತ, "ಡ್ರೈವರ್ ಸೀಟಿನ ಕೆಳಗೊಂದು ಟ್ರಂಕು ಐತೆ, ಒಳಗೆ ತಗೊಂಡು ಹೋಗು," ಅಂದರು. ನನಗೆ ಗೊತ್ತಿಲ್ಲದ ಟ್ರಂಕು ಯಾವುದೆಂದು ಎಳೆದು ನೋಡಿದರೆ ನಮ್ಮದೇ, ಅಟ್ಟದ ಮೇಲಿದ್ದದ್ದು. ಒಳಗೆ ತಂದು ತೆರೆದೆ. ಎರಡು ಅಂಗಿ, ಪಂಚೆ, ಕ್ಷೌರದ ಸಾಮಾನು, ಒಂದು ಲೋಟ, ಕಂಬಳಿ. ಎಲ್ಲಕ್ಕೂ ಮೇಲೆ ಪೂಜೆಯ ಕೋಣೆಯಲ್ಲಿದ್ದ ಆಂಜನೇಯನ ಚಿಕ್ಕ ಪಟ. ಬೆಳಿಗ್ಗೆ ದೀಪ ಹಚ್ಚುವಾಗ ಆ ಪಟ ಎಲ್ಲೆಂದು ಹುಡುಕಿ, ಅತ್ತೆ ಒರೆಸಲು ತೆಗೆದಿರಬೇಕೆಂದು ಸುಮ್ಮನಾಗಿದ್ದೆ.

ಇವರು ಬಾಗಿಲಲ್ಲಿ ಬಂದು ನಿಂತರು.

"ಪಾಸ್ ಮಾಡದಿದ್ರೆ?" ಅಂದೆ.

"ನಿಮ್ಮಿಬ್ಬರನ್ನ ಯಾವುದಾದ್ರೂ ಗಾಡಿಗೆ ಹತ್ತಿಸಿ, ಅಲ್ಲಿಂದ ಹಂಗೇ ಸಾಲಿನಲ್ಲಿ ನಿಂತ್ಕೋತಿದ್ದೆ."

"ಹೇಳದೇನಾ?"

"ಹೇಳಿದ್ರೆ ಹೋಗೋಕಾಗ್ತಿತ್ತೇನೇ?"

ಸಿಟ್ಟು ಬಂತು, ಅಳುವೂ ಬಂತು. ಎರಡಕ್ಕೂ ಅವತ್ತು ಜಾಗ ಕೊಡಬಾರದೆಂದು ನಿರ್ಧರಿಸಿದೆ. ಅಂಗಿಗಳನ್ನು ಗೂಟಕ್ಕೆ ಹಾಕಿದೆ. ಲೋಟವನ್ನು ಒಳಗಿಟ್ಟೆ. ಪಟವನ್ನು ಒರೆಸಿ ಅದರ ಜಾಗದಲ್ಲಿಟ್ಟು ದೀಪ ಹಚ್ಚಿದೆ. ಕಂಬಳಿಯನ್ನು ಕೊಡವಿ ಅವರ ಚಾಪೆಯ ಮೇಲೆ ಹಾಸಿದೆ. ಒಂದೊಂದನ್ನೂ ಎತ್ತಿಡುವಾಗ ಒಂದೊಂದು ನಮಸ್ಕಾರ.

"ಏನೇ, ನೀರು ಕಾದೈತಾ?" ಎಂದು ಬಚ್ಚಲಿನಿಂದ ಕೂಗಿದರು.

"ಕಾದೈತೆ. ಬೆನ್ನು ಉಜ್ಜೋಕೆ ಬರ್ತೀನಿ, ಇರಿ," ಅಂದೆ.